ಪ್ಯಾಚನ್ನು ಕಳ್ಳರೂ ಓದುತ್ತಾರೆ

2025ರ ನವೆಂಬರ್ 29ರಂದು ಲಾಕ್ಲನ್ ಡೇವಿಡ್ಸನ್ ಎಂಬ ಸಂಶೋಧಕ ಮೆಟಾ ಕಂಪನಿಗೆ ಒಂದು ವರದಿ ಕಳಿಸಿದರು. ವಿಷಯ ರಿಯಾಕ್ಟ್. ವೆಬ್‌ಸೈಟ್ ಕಟ್ಟುವವರು ಜಗತ್ತಿನಾದ್ಯಂತ ಬಳಸುವ ಲೈಬ್ರರಿ, ಅಂದರೆ ಸಿದ್ಧ ಕೋಡ್‌ನ ಸಂಗ್ರಹ ಅದು. ಅದರ ‘ಸರ್ವರ್ ಕಾಂಪೊನೆಂಟ್ಸ್’ ಎಂಬ ಭಾಗದಲ್ಲಿ ಒಂದು ತೂತು ಇತ್ತು. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ. ಹುಷಾರಾಗಿ ಹೆಣೆದ ಒಂದು ವಿನಂತಿ ಕಳಿಸಿದರೆ ಸಾಕು, ಹೊರಗಿನವನ ಕೋಡ್ ಆ ಸರ್ವರ್ ಮೇಲೆ ಓಡುತ್ತಿತ್ತು. ಡಿಸೆಂಬರ್ 3ರಂದು ತೂತು ಮುಚ್ಚುವ ಹೊಸ ಕೋಡ್ (ಅದೇ ಪ್ಯಾಚು), ಪ್ರಕಟಣೆ ಎರಡೂ ಒಟ್ಟಿಗೆ ಹೊರಬಂದವು. ಪ್ರಕಟವಾದ ದೋಷಗಳಿಗೆ ಕೊಡುವ ಗುರುತು ಸಂಖ್ಯೆಗೆ ಸಿವಿಇ ಅನ್ನುತ್ತಾರೆ; ಇದರದ್ದು ಸಿವಿಇ-2025-55182, ತೀವ್ರತೆ ಹತ್ತಕ್ಕೆ ಹತ್ತು. ನಾಲ್ಕೇ ದಿನದಲ್ಲಿ ರಿಪೇರಿ ಮಾಡಿ ಕೊಟ್ಟಿದ್ದರು. ನಿಜಕ್ಕೂ ಚುರುಕು ಕೆಲಸ.

ಆದರೂ ಕೆಲವೇ ಗಂಟೆಗಳಲ್ಲಿ ದಾಳಿ ಶುರುವಾಯಿತು. ಚೀನಾದ ಜೊತೆ ನಂಟಿರುವ ಗುಂಪುಗಳು ಈ ದೋಷದ ಮೇಲೆ ಕೈಯಾಡಿಸುತ್ತಿರುವುದನ್ನು ಕಂಡಿದ್ದೇವೆ ಎಂದು ಅಮೆಜಾನ್‌ನ ಭದ್ರತಾ ತಂಡ ಹೇಳಿತು.

ನಿನ್ನೆಯವರೆಗೆ ಹೆಚ್ಚಿನವರಿಗೆ ಗೊತ್ತೇ ಇಲ್ಲದಿದ್ದ ದೋಷ, ರಿಪೇರಿ ಬಂದ ಬೆನ್ನಲ್ಲೇ ಆಯುಧವಾಗಿದ್ದು ಹೇಗೆ? ಸುಳಿವು ಕೊಟ್ಟಿದ್ದು ರಿಪೇರಿಯೇ. ಗೋಡೆಯಲ್ಲಿ ಹೊಸದಾಗಿ ಸಿಮೆಂಟ್ ಮೆತ್ತಿದ ಜಾಗ ನೋಡಿದರೆ ತೂತು ಎಲ್ಲಿತ್ತು ಅಂತ ಗೊತ್ತಾಗುತ್ತದೆ, ಅಲ್ವಾ? ಅದೇ ನಕ್ಷೆಯಲ್ಲಿ ಕಟ್ಟಿದ ಬೇರೆ ಲಕ್ಷಾಂತರ ಮನೆಗಳ ಗೋಡೆಗೆ ಇನ್ನೂ ಸಿಮೆಂಟ್ ಬಿದ್ದಿರುವುದಿಲ್ಲ. ಹಳೆಯ ಕೋಡ್ ಒಂದು ಕಡೆ, ಹೊಸ ಕೋಡ್ ಒಂದು ಕಡೆ ಇಟ್ಟುಕೊಂಡು ಎಲ್ಲಿ ಬದಲಾಗಿದೆ ಎಂದು ನೋಡುವ ಈ ಕೆಲಸಕ್ಕೆ ‘ಪ್ಯಾಚ್ ಡಿಫಿಂಗ್’ ಅನ್ನುತ್ತಾರೆ. ರಕ್ಷಣೆ ಮಾಡುವವರೂ ಇದನ್ನು ಮಾಡುತ್ತಾರೆ, ಕಳ್ಳರೂ ಮಾಡುತ್ತಾರೆ. ಕಳ್ಳರಿಗೆ ಅವಸರ ಜಾಸ್ತಿ, ಅಷ್ಟೆ.

ರಿಯಾಕ್ಟ್ ವಿಷಯದಲ್ಲಿ ಸಿಮೆಂಟ್ ಮೆತ್ತಿದ ಜಾಗ ತುಂಬ ಸಣ್ಣದು. ಬ್ರೌಸರ್ ಕಳಿಸಿದ ಚೂರುಚೂರು ಮಾಹಿತಿಯನ್ನು ಸರ್ವರ್ ಮತ್ತೆ ಜೋಡಿಸಿಕೊಳ್ಳಬೇಕು. ಜೋಡಿಸುವಾಗ ‘ಈ ವಸ್ತುವಿನೊಳಗಿನ ಇಂಥ ಹೆಸರಿನದ್ದನ್ನು ಕೊಡು’ ಎಂದು ಆ ಚೂರುಗಳೇ ಕೇಳುತ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ ಪ್ರತಿ ವಸ್ತುವಿಗೂ ಸ್ವಂತದ್ದು ಸ್ವಲ್ಪ, ಪಿತ್ರಾರ್ಜಿತವಾಗಿ ಬಂದದ್ದು ಸ್ವಲ್ಪ ಇರುತ್ತದೆ. ಕೇಳಿದ್ದು ಸ್ವಂತದ್ದೋ ಪಿತ್ರಾರ್ಜಿತವೋ ಎಂದು ಹಳೆಯ ಕೋಡ್ ನೋಡುತ್ತಿರಲಿಲ್ಲ. ಆ ಪಿತ್ರಾರ್ಜಿತದ ಏಣಿ ಹತ್ತಿಕೊಂಡು ಹೋದರೆ, ಕೊಟ್ಟ ಪಠ್ಯವನ್ನೇ ಕೋಡ್ ಮಾಡಿ ಓಡಿಸುವ ಯಂತ್ರ ಕೈಗೆ ಸಿಗುತ್ತದೆ. ಹೊಸ ಕೋಡ್ ‘ಇದು ನಿನ್ನ ಸ್ವಂತದ್ದಾ?’ ಎಂದು ಕೇಳಿ ನೋಡುತ್ತದೆ. ಈ ಒಂದು ಪ್ರಶ್ನೆ ಹೊಸದಾಗಿ ಸೇರಿದ್ದನ್ನು ಕಂಡ ಅನುಭವಿಗೆ ಉಳಿದ ದಾರಿ ಹುಡುಕುವುದು ಸಮಯದ ಮಾತು. ಮೊದಲ ದಿನ ಅಂತರ್ಜಾಲದಲ್ಲಿ ಓಡಾಡಿದ ಎಷ್ಟೋ ದಾಳಿ ಕೋಡ್‌ಗಳು ಸುಳ್ಳಾಗಿದ್ದವು, ಕೆಲಸವನ್ನೇ ಮಾಡುತ್ತಿರಲಿಲ್ಲ. ಒಂದೆರಡು ದಿನದೊಳಗೆ ನಿಜವಾದದ್ದೂ ಬಂತು.

2017ರ ಜೊತೆ ಇದನ್ನು ಇಟ್ಟು ನೋಡಿ. ಆ ವರ್ಷ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ಗೆ ಒಂದು ಪ್ಯಾಚ್ ಕೊಟ್ಟಿತು. ಅದನ್ನು ಹಾಕಿಕೊಳ್ಳದವರನ್ನು ‘ವಾನಾಕ್ರೈ’ ಎಂಬ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಹಿಡಿದಿದ್ದು ಮೇ 12ಕ್ಕೆ. ಅದೇ ಮಾರ್ಚ್‌ನಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಅಪಾಚೆ ಸ್ಟ್ರಟ್ಸ್‌ನ ದೋಷಕ್ಕೂ ಪ್ಯಾಚ್ ಬಂದಿತ್ತು. ಅಮೆರಿಕದ ಎಕ್ವಿಫ್ಯಾಕ್ಸ್ ಕಂಪನಿಯಿಂದ ಸುಮಾರು 14.7 ಕೋಟಿ ಜನರ ಮಾಹಿತಿಯನ್ನು ಆ ದೋಷದ ಮೂಲಕ ಕದಿಯತೊಡಗಿದ್ದು ಮೇ ಮಧ್ಯದಲ್ಲಿ. ಎರಡೂ ಕಡೆ ಹತ್ತಿರಹತ್ತಿರ ಎರಡು ತಿಂಗಳು ಸಿಕ್ಕಿತ್ತು. ‘ಎರಡು ತಿಂಗಳಿದ್ದರೂ ಮಾಡಲಿಲ್ಲವಲ್ಲ’ ಎಂದು ಆಗ ಎಲ್ಲರೂ ಬೈದರು. ಈಗ ಸಿಗುವುದು ಒಂದು ಮಧ್ಯಾಹ್ನ. ತಿಂಗಳಿಗೊಮ್ಮೆ ಅಪ್‌ಡೇಟ್ ಹಾಕುವ ಪದ್ಧತಿ ಎರಡು ತಿಂಗಳ ಕಾಲಕ್ಕೆ ಹೊಂದಿಕೊಂಡಿತ್ತು. ಒಂದು ಮಧ್ಯಾಹ್ನಕ್ಕೆ ಹೊಂದುವ ಪದ್ಧತಿಯನ್ನು ಹೆಚ್ಚಿನ ಸಂಸ್ಥೆಗಳು ಇನ್ನೂ ಕಟ್ಟಿಕೊಂಡಿಲ್ಲ.

ಅವಸರಕ್ಕೂ ಬೆಲೆ ಇದೆ. ರಿಯಾಕ್ಟ್ ದೋಷದಿಂದ ತನ್ನ ಗ್ರಾಹಕರನ್ನು ಕಾಪಾಡಲು, ವೆಬ್‌ಸೈಟ್‌ಗಳ ಮುಂದೆ ನಿಂತು ಸಂಚಾರ ಸಾಗಿಸುವ ಕ್ಲೌಡ್‌ಫ್ಲೇರ್ ಕಂಪನಿ ತನ್ನ ಫೈರ್‌ವಾಲ್‌ನಲ್ಲಿ (ಕೆಟ್ಟ ವಿನಂತಿ ತಡೆಯುವ ಜರಡಿಯಲ್ಲಿ) ಬದಲಾವಣೆ ಮಾಡಲು ಹೊರಟಿತು. ಆ ಕೆಲಸದ ನಡುವೆ ಡಿಸೆಂಬರ್ 5ರಂದು ಅದರ ಜಾಲವೇ ಸುಮಾರು 25 ನಿಮಿಷ ಎಡವಿತು. ಅದರ ಮೂಲಕ ಹಾದುಹೋಗುವ ವೆಬ್ ಸಂಚಾರದಲ್ಲಿ ಶೇ. 28ರಷ್ಟಕ್ಕೆ ಪೆಟ್ಟು ಬಿತ್ತು. ದಾಳಿ ನಡೆದಿರಲಿಲ್ಲ, ದಾಳಿ ತಡೆಯಲು ಹೋದಾಗಲೇ ಕಾಲು ಜಾರಿತ್ತು. ‘ಇವತ್ತೇ ಪ್ಯಾಚ್ ಹಾಕಿ’ ಎಂದು ಭದ್ರತೆಯವರು ಹೇಳಿದಾಗ ‘ಸ್ವಲ್ಪ ಟೆಸ್ಟ್ ಮಾಡಿ ಹಾಕೋಣ’ ಎನ್ನುವ, ಸರ್ವರ್ ನಡೆಸುವ ಆಪರೇಷನ್ಸ್‌ನವರನ್ನು ಸೋಮಾರಿಗಳು ಎಂದುಕೊಳ್ಳುವುದು ಅನ್ಯಾಯ. ಅವರ ಭಯಕ್ಕೂ ಕಾರಣ ಇದೆ.

ಸುಳ್ಳು ಅಳತೆ ಹೇಳಿ ಒಳಗಿನದ್ದು ಕೇಳುವುದು

ಅದೇ ಡಿಸೆಂಬರ್‌ನ ಇನ್ನೊಂದು ದೋಷವನ್ನು ಹತ್ತಿರದಿಂದ ನೋಡಬೇಕು. ಇದು ಮೊಂಗೊಡಿಬಿ ಎಂಬ ಡೇಟಾಬೇಸ್‌ನದ್ದು, ಸಿವಿಇ-2025-14847. ಜನ ಇಟ್ಟ ಅಡ್ಡಹೆಸರು ‘ಮೊಂಗೊಬ್ಲೀಡ್’.

ಡೇಟಾಬೇಸ್‌ಗೆ ಕಳಿಸುವ ಸಂದೇಶವನ್ನು ಜಾಗ ಉಳಿಸಲು ಒತ್ತಿ ಚಿಕ್ಕದು ಮಾಡಿ ಕಳಿಸಬಹುದು. ಹಾಗೆ ಕಳಿಸುವಾಗ ‘ಇದನ್ನು ಬಿಚ್ಚಿದರೆ ಇಷ್ಟು ಬೈಟ್ ಆಗುತ್ತದೆ’ ಎಂದು ಮೇಲೆ ಬರೆದಿರಬೇಕು. ಸರ್ವರ್ ಆ ಮಾತು ನಂಬಿ ಅಷ್ಟು ಮೆಮೊರಿ ಎತ್ತಿಡುತ್ತದೆ. ಈಗ ಒಬ್ಬ ಸುಳ್ಳು ಹೇಳಿದ ಅಂದುಕೊಳ್ಳಿ. ಬಿಚ್ಚಿದರೆ ಬರುವುದು ನೂರು ಬೈಟ್, ಮೇಲೆ ಬರೆದಿದ್ದು ಹತ್ತು ಸಾವಿರ. ಸರ್ವರ್ ಹತ್ತು ಸಾವಿರ ಬೈಟಿನ ಜಾಗ ತೆಗೆದಿಟ್ಟಿತು, ಅದರಲ್ಲಿ ನೂರು ತುಂಬಿತು. ಉಳಿದ ಜಾಗದಲ್ಲಿ ಏನಿತ್ತು? ಅದೇ ಮೆಮೊರಿಯನ್ನು ಮೊದಲು ಬಳಸಿದವರು ಬಿಟ್ಟುಹೋದದ್ದು. ಯಾರದ್ದೋ ಪಾಸ್‌ವರ್ಡ್ ಇರಬಹುದು, ಕ್ಲೌಡ್ ಖಾತೆಯ ಕೀಲಿ ಇರಬಹುದು, ಏನೂ ಅಲ್ಲದ ಕಸವೂ ಇರಬಹುದು. ‘ನಿಜವಾಗಿ ಎಷ್ಟು ಬೈಟ್ ಬಿಚ್ಚಿದೆ’ ಎಂದು ಹೇಳಬೇಕಿದ್ದ ಕಡೆ ‘ಎಷ್ಟು ಜಾಗ ಎತ್ತಿಟ್ಟಿದ್ದೆ’ ಎಂದು ಕೋಡ್ ಹೇಳುತ್ತಿತ್ತು. ಹಾಗಾಗಿ ಮುಂದಿನ ಕೋಡ್ ಆ ಹಳೆಯ ಚಿಂದಿಯನ್ನೂ ಸಂದೇಶದ ಭಾಗ ಎಂದೇ ಓದಿತು. ಓದಿ, ಅರ್ಥವಾಗದೆ, ‘ಈ ಹೆಸರು ಸರಿಯಿಲ್ಲ’ ಎಂಬ ದೋಷ ಸೂಚನೆಯೊಳಗೆ ಆ ಚಿಂದಿಯನ್ನೇ ಇಟ್ಟು ವಾಪಸ್ ಕಳಿಸಿತು.

ಇದೆಲ್ಲ ನಡೆಯುವುದು ಲಾಗಿನ್‌ಗೂ ಮೊದಲು. ಸಂದೇಶ ಬಿಚ್ಚದೆ ಯಾರು ಬಂದಿದ್ದಾರೆ ಅಂತ ಗೊತ್ತಾಗುವುದಿಲ್ಲವಲ್ಲ.

ಒಂದು ಸಲ ಕೇಳಿದರೆ ಸ್ವಲ್ಪ ಸಿಗುತ್ತದೆ. ಸಾವಿರ ಸಲ ಕೇಳಿದರೆ ಸಾವಿರ ಚೂರು. ಡಿಸೆಂಬರ್ 19ರಂದು ದೋಷ ಪ್ರಕಟವಾಯಿತು. ಕ್ರಿಸ್‌ಮಸ್ ಹೊತ್ತಿಗೆ, ಅಂದರೆ ಅನೇಕ ಕಚೇರಿಗಳಲ್ಲಿ ಜನವೇ ಇಲ್ಲದ ವಾರದಲ್ಲಿ, ದಾಳಿ ಕೋಡ್ ಎಲ್ಲರ ಕೈಗೆ ಸಿಕ್ಕಿತು. ರಿಪೇರಿಯ ಮುಖ್ಯ ಭಾಗ ಮಾತ್ರ ಹೇಳಿಕೊಳ್ಳುವಂಥದ್ದೇನಲ್ಲ: ಎತ್ತಿಟ್ಟ ಅಳತೆಯ ಬದಲು ನಿಜವಾದ ಅಳತೆ ಹೇಳುವುದು.

ವಯಸ್ಸಾದವರಿಗೆ ಇದು ಎಲ್ಲೋ ಕೇಳಿದ ಕಥೆ ಅನ್ನಿಸುತ್ತದೆ. 2014ರ ಏಪ್ರಿಲ್‌ನಲ್ಲಿ, ವೆಬ್ ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಸಿಕ್ಕ ‘ಹಾರ್ಟ್‌ಬ್ಲೀಡ್’ ಕೂಡ ಇದೇ ಜಾತಿಯದ್ದು. ಅಲ್ಲೂ ಎದುರಿನವನು ಸುಳ್ಳು ಉದ್ದ ಹೇಳುತ್ತಿದ್ದ, ಸರ್ವರ್ ಅದನ್ನು ನಂಬಿ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ತನ್ನ ಮೆಮೊರಿಯನ್ನು ಕೊಟ್ಟುಬಿಡುತ್ತಿತ್ತು. ಹನ್ನೊಂದು ವರ್ಷ ಕಳೆದರೂ ಬೇರೆ ಕಂಪನಿ, ಬೇರೆ ಸಾಫ್ಟ್‌ವೇರ್, ಅದೇ ತಪ್ಪು. ಸಿ, ಸಿ++ ಭಾಷೆಗಳಲ್ಲಿ ಅಳತೆಯ ಲೆಕ್ಕ ಪ್ರೋಗ್ರಾಮರ್ ತಲೆಯ ಮೇಲೇ ಇರುತ್ತದೆ. ತಮ್ಮ ದೊಡ್ಡ ಸಾಫ್ಟ್‌ವೇರ್‌ಗಳ ಗಂಭೀರ ದೋಷಗಳಲ್ಲಿ ಸುಮಾರು ಶೇ. 70ರಷ್ಟು ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ ಮತ್ತು ಗೂಗಲ್ ಎರಡೂ ಹಿಂದೆಯೇ ಹೇಳಿದ್ದವು. ಈ ಲೆಕ್ಕವನ್ನು ತಾನೇ ನೋಡಿಕೊಳ್ಳುವ ರಸ್ಟ್‌ನಂಥ ಭಾಷೆಗಳ ಬಗ್ಗೆ ಇಷ್ಟು ಮಾತು ಕೇಳಿಬರುವುದು ಸುಮ್ನೆ ಅಲ್ಲ. ಹಾಗಂತ ರಸ್ಟ್ ಎಲ್ಲಕ್ಕೂ ಮದ್ದಲ್ಲ. ರಿಯಾಕ್ಟ್ ದೋಷ ಮೆಮೊರಿಯದ್ದೇ ಅಲ್ಲ, ಅದು ತರ್ಕದ ತಪ್ಪು.

ತೂತು ಮುಚ್ಚಿತು, ಕೀಲಿ ಹೊರಗಿದೆ

ನನಗೆ ಇದಕ್ಕಿಂತ ಜಾಸ್ತಿ ತಲೆಬಿಸಿ ಕೊಡುವುದು ಬೇರೆ ಥರದ ದೋಷಗಳು. ಪ್ಯಾಚ್ ಹಾಕಿದ ಮೇಲೂ ಇವು ಮುಗಿಯುವುದಿಲ್ಲ.

2025ರ ಮೇನಲ್ಲಿ ಬರ್ಲಿನ್‌ನ ಪೋನ್‌2ಓನ್ ಎಂಬ ಹ್ಯಾಕಿಂಗ್ ಸ್ಪರ್ಧೆಯಲ್ಲಿ, ಕಚೇರಿಗಳ ಕಡತ ಹಂಚಿಕೊಳ್ಳುವ ಮೈಕ್ರೋಸಾಫ್ಟ್ ಶೇರ್‌ಪಾಯಿಂಟ್ ಸರ್ವರ್ ಒಳಗೆ ನುಗ್ಗುವ ದಾರಿಯೊಂದನ್ನು ತೋರಿಸಲಾಯಿತು. ಜುಲೈ 8ರಂದು ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತು. ಆ ಪ್ಯಾಚ್ ಪೂರ್ತಿ ಮುಚ್ಚಿರಲಿಲ್ಲ. ಪಕ್ಕದಲ್ಲೇ ಸಂದು ಹುಡುಕಿಕೊಂಡ ದಾಳಿಕೋರರು ಜುಲೈ 18ರ ಹೊತ್ತಿಗೆ ದೊಡ್ಡ ಪ್ರಮಾಣದಲ್ಲಿ ನುಗ್ಗಿದರು. ಸಿವಿಇ-2025-53770 ಎಂದು ಹೊಸ ಸಂಖ್ಯೆ ಕೊಟ್ಟು, ಜುಲೈ 20 ಮತ್ತು 21ರಂದು ತುರ್ತು ಪ್ಯಾಚ್ ಹೊರಡಿಸಬೇಕಾಯಿತು. ಕ್ಲೌಡ್‌ನಲ್ಲಿರುವ ಶೇರ್‌ಪಾಯಿಂಟ್‌ಗೆ ಇದು ತಾಗಲಿಲ್ಲ. ತಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಂಡವರಿಗೆ ಮಾತ್ರ.

ಇಲ್ಲಿ ಗಮನಿಸಬೇಕಾದದ್ದು ಒಳಗೆ ಹೋದವರು ಏನು ಕದ್ದರು ಎಂಬುದು. ಅವರು ಫೈಲುಗಳಿಗಿಂತ ಮೊದಲು ಕೈಹಾಕಿದ್ದು ಸರ್ವರ್‌ನ ‘ಮೆಷಿನ್ ಕೀ’ಗಳಿಗೆ. ತನಗೆ ಬಂದ ಮಾಹಿತಿ ತಾನೇ ಸಹಿ ಹಾಕಿ ಕಳಿಸಿದ್ದು ಹೌದೋ ಅಲ್ಲವೋ ಎಂದು ಸರ್ವರ್ ನೋಡಿಕೊಳ್ಳುವುದು ಈ ಕೀಲಿಗಳಿಂದ. ಕೀಲಿ ಕಳ್ಳನ ಹತ್ತಿರ ಇದ್ದರೆ ಅವನೂ ಅದೇ ಸಹಿ ಹಾಕಬಲ್ಲ. ಆಗ ಪ್ಯಾಚ್ ಹಾಕಿ ತೂತು ಮುಚ್ಚಿದರೂ ಅವನಿಗೆ ತೂತೇ ಬೇಕಾಗಿಲ್ಲ, ಮುಂಬಾಗಿಲಿನಿಂದಲೇ ಬರುತ್ತಾನೆ. ಹಾಗಾಗಿ ಮೈಕ್ರೋಸಾಫ್ಟ್ ಪ್ಯಾಚ್ ಜೊತೆಗೆ ಕೀಲಿ ಬದಲಾಯಿಸಿ, ಐಐಎಸ್ ಎಂಬ ವೆಬ್ ಸರ್ವರ್ ರೀಸ್ಟಾರ್ಟ್ ಮಾಡಿ ಎಂದೂ ಹೇಳಿತು. ಪ್ಯಾಚ್ ಹಾಕಿ ಪಟ್ಟಿಯಲ್ಲಿ ಟಿಕ್ ಹೊಡೆದು ಕೂತವರು ಇದನ್ನು ಮಾಡಿರದಿದ್ದರೆ ಅವರ ಪಟ್ಟಿ ಮಾತ್ರ ಹಸಿರು.

2023ರ ಅಕ್ಟೋಬರ್‌ನಲ್ಲಿ ಸಿಟ್ರಿಕ್ಸ್ ಕಂಪನಿಯ ನೆಟ್‌ಸ್ಕೇಲರ್‌ನಲ್ಲಿ (ಹೊರಗಿನಿಂದ ಕಚೇರಿ ಜಾಲಕ್ಕೆ ಬರುವ ಬಾಗಿಲು) ಬಂದ ‘ಸಿಟ್ರಿಕ್ಸ್‌ಬ್ಲೀಡ್’ ಕಥೆಯೂ ಇದೇ. ಅಲ್ಲಿ ಸೋರಿದ್ದು ಸೆಷನ್ ಟೋಕನ್, ಅಂದರೆ ಈಗಾಗಲೇ ಲಾಗಿನ್ ಆದವರ ಗುರುತು ಚೀಟಿ. ಪಾಸ್‌ವರ್ಡ್, ಒಟಿಪಿ ಎಲ್ಲ ದಾಟಿ ಬಂದವನ ಚೀಟಿ ಅದು. ಪ್ಯಾಚ್ ಹಾಕಿದರೂ ಆ ಚೀಟಿ ಚಾಲ್ತಿಯಲ್ಲೇ ಇರುತ್ತಿತ್ತು. ನಡೆಯುತ್ತಿರುವ ಸೆಷನ್‌ಗಳನ್ನೆಲ್ಲ ಕಡಿದುಹಾಕಿದರೆ ಮಾತ್ರ ಸತ್ತುಹೋಗುತ್ತಿತ್ತು. 2025ರ ಜೂನ್‌ನಲ್ಲಿ ಅದೇ ಉತ್ಪನ್ನದಲ್ಲಿ ಅಂಥದ್ದೇ ಇನ್ನೊಂದು ದೋಷ ಬಂದಾಗ ಜನ ಅದಕ್ಕೆ ‘ಸಿಟ್ರಿಕ್ಸ್‌ಬ್ಲೀಡ್ 2’ ಎಂದೇ ಹೆಸರಿಟ್ಟರು. ಸಲಹೆಯೂ ಅದೇ ಇತ್ತು: ಅಪ್‌ಗ್ರೇಡ್ ಮಾಡಿ, ಆಮೇಲೆ ಸೆಷನ್‌ಗಳನ್ನು ಕೊಲ್ಲಿ.

ಈ ‘ಆಮೇಲೆ’ ಎಂಬ ಸಾಲು ಭದ್ರತಾ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಕೆಳಗಡೆ ಇರುತ್ತದೆ. ಮೇಲೆ ದೊಡ್ಡದಾಗಿ ಆವೃತ್ತಿ ಸಂಖ್ಯೆಗಳ ಕೋಷ್ಟಕ. ನಾವು ನಮ್ಮ ಸಂಖ್ಯೆ ಹುಡುಕಿ, ಹೊಸದನ್ನು ಹಾಕಿ, ಪುಟ ಮುಚ್ಚುತ್ತೇವೆ. ನಾನೀಗ ಪ್ರಕಟಣೆಯನ್ನು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಮೊದಲ ಪ್ಯಾಚೇ ಕೊನೆಯ ಪ್ಯಾಚ್ ಆಗುವುದೂ ಅಪರೂಪ. 2021ರ ಡಿಸೆಂಬರ್‌ನ ಲಾಗ್‌4ಜೆ (ಜಾವಾ ಪ್ರೋಗ್ರಾಂಗಳು ಲಾಗ್ ಬರೆಯಲು ಬಳಸುವ ಲೈಬ್ರರಿ) ದೋಷ ನೆನಪಿದ್ದವರಿಗೆ ಗೊತ್ತು. 2.15 ಬಂತು, ಸಾಲದು ಎಂದು 2.16, ಅದೂ ಸಾಲದು ಎಂದು 2.17, ಕೊನೆಗೆ 2.17.1. ರಿಯಾಕ್ಟ್‌ನಲ್ಲೂ ಡಿಸೆಂಬರ್ 3ರ ಪ್ಯಾಚ್ ಬಂದ ಮೇಲೆ ಎಲ್ಲರ ಕಣ್ಣು ಆ ಕೋಡ್ ಮೇಲೆ ಬಿತ್ತು. ಡಿಸೆಂಬರ್ 11ಕ್ಕೆ ಇನ್ನೆರಡು ದೋಷ ಪ್ರಕಟವಾದವು. ಅದರಲ್ಲಿ ಒಂದರ ರಿಪೇರಿ ಅರ್ಧಂಬರ್ಧವಾಗಿ, ಮತ್ತೊಂದು ಸಂಖ್ಯೆ ಕೊಡಬೇಕಾಯಿತು. ಇದನ್ನು ಅಸಡ್ಡೆ ಎನ್ನಲಾರೆ. ಒಂದು ಮೂಲೆಗೆ ಟಾರ್ಚ್ ಬಿಟ್ಟಾಗ ಪಕ್ಕದ ಜೇಡರಬಲೆಯೂ ಕಾಣುತ್ತದೆ.

ಯಾವುದು ಮೊದಲು?

2024ರಲ್ಲಿ 40,000ಕ್ಕೂ ಹೆಚ್ಚು ಸಿವಿಇ ಸಂಖ್ಯೆಗಳು ಪ್ರಕಟವಾದವು. ದಿನಕ್ಕೆ ನೂರಕ್ಕಿಂತ ಜಾಸ್ತಿ. 2025ರಲ್ಲಿ ಇನ್ನೂ ಏರಿತು. ಯಾವ ತಂಡವೂ ಇಷ್ಟನ್ನು ಓದಲಾರದು, ಹಾಕುವುದಂತೂ ದೂರದ ಮಾತು.

ಹಾಗಾಗಿ ಜನ ಅಂಕ ನೋಡುತ್ತಾರೆ. ಸಿವಿಎಸ್‌ಎಸ್ ಎಂಬ ಅಳತೆಗೋಲು ಸೊನ್ನೆಯಿಂದ ಹತ್ತರವರೆಗೆ ತೀವ್ರತೆ ಹೇಳುತ್ತದೆ. ಆದರೆ ಅದು ಹೇಳುವುದು ‘ಆದರೆ ಎಷ್ಟು ಕೆಟ್ಟದ್ದು’ ಎಂದು, ‘ಆಗುತ್ತದಾ’ ಎಂದಲ್ಲ. 2024ರ ಜುಲೈ 1ರಂದು ಕ್ವಾಲಿಸ್ ಕಂಪನಿ ಓಪನ್‌ಎಸ್‌ಎಸ್‌ಎಚ್‌ನಲ್ಲಿ ದೋಷ ಕಂಡುಹಿಡಿದಾಗ ಎಲ್ಲ ಕಡೆ ಗಾಬರಿ ಎದ್ದಿತು. ಎದ್ದದ್ದು ಸಹಜ, ಲಿನಕ್ಸ್ ಸರ್ವರ್‌ಗಳ ಮುಂಬಾಗಿಲೇ ಅದು. 2006ರಲ್ಲಿ ರಿಪೇರಿಯಾಗಿದ್ದ ದೋಷ 2020ರ ಕೋಡ್ ಬದಲಾವಣೆಯಲ್ಲಿ ಮತ್ತೆ ನುಸುಳಿತ್ತು. ಅಂಕ 8.1. ಆದರೆ 32 ಬಿಟ್ ಯಂತ್ರದ ಮೇಲೆ ಗೆಲ್ಲಲು ಸರಾಸರಿ ಸುಮಾರು 10,000 ಪ್ರಯತ್ನ ಬೇಕಿತ್ತು, ಅಂದರೆ ಆರರಿಂದ ಎಂಟು ಗಂಟೆ ಎಡೆಬಿಡದೆ ಬಾಗಿಲು ಬಡಿಯಬೇಕು. ಅಷ್ಟು ಹೊತ್ತು ಬಡಿದರೂ ಲಾಗ್‌ನಲ್ಲಿ ಯಾರಿಗೂ ಕಾಣದಿದ್ದರೆ ಆ ತಂಡಕ್ಕೆ ಬೇರೆಯೇ ಸಮಸ್ಯೆ ಇದೆ. ಮೊಂಗೊಬ್ಲೀಡ್‌ನ ಅಂಕ 8.7. ಕಾಗದದ ಮೇಲೆ ಎರಡೂ ಅಕ್ಕಪಕ್ಕ. ಅನುಭವದಲ್ಲಿ ಹೋಲಿಕೆಯೇ ಇಲ್ಲ.

ನನ್ನ ಲೆಕ್ಕದಲ್ಲಿ ಅಂಕಕ್ಕಿಂತ ಎರಡು ವಿಷಯ ಮುಖ್ಯ. ಆ ಸಾಫ್ಟ್‌ವೇರ್ ಹೊರಗಿನ ಇಂಟರ್ನೆಟ್‌ಗೆ ನೇರವಾಗಿ ತೆರೆದಿದೆಯಾ? ಯಾರಾದರೂ ಈಗಾಗಲೇ ಅದನ್ನು ಬಳಸಿ ದಾಳಿ ಮಾಡುತ್ತಿದ್ದಾರಾ? ಎರಡನೆಯದಕ್ಕೆ ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರ ನವೆಂಬರ್‌ನಿಂದ ‘ಕೆಇವಿ’ ಎಂಬ ಪಟ್ಟಿ ಇಟ್ಟಿದೆ. ನಿಜವಾಗಿ ದಾಳಿಗೆ ಬಳಕೆಯಾದ ದೋಷಗಳು ಮಾತ್ರ ಅದರಲ್ಲಿ ಇರುತ್ತವೆ. ಸಿವಿಇಗಳ ಸಮುದ್ರದ ಮುಂದೆ ಅದು ಸಣ್ಣ ಕೆರೆ. ರಿಯಾಕ್ಟ್, ಮೊಂಗೊ, ಶೇರ್‌ಪಾಯಿಂಟ್ ಮೂರೂ ಅದರಲ್ಲಿವೆ. ಸಮಯ ಇಲ್ಲದವರು ಆ ಪಟ್ಟಿಯಿಂದ ಶುರುಮಾಡಿದರೆ ಸಾಕು.

ಇನ್ನೊಂದು ವಿಷಯ. ಈ ಸಂಖ್ಯೆ ಕೊಡುವ ವ್ಯವಸ್ಥೆಯೇ 2025ರ ಏಪ್ರಿಲ್‌ನಲ್ಲಿ ನಿಂತುಹೋಗುವ ಹಾಗಿತ್ತು. 1999ರಿಂದ ಅದನ್ನು ನಡೆಸುತ್ತಿರುವ ಮೈಟರ್ ಸಂಸ್ಥೆಯ ಜೊತೆಗಿನ ಒಪ್ಪಂದ ಮುಗಿಯುವ ಹೊತ್ತಿಗೆ ಅಮೆರಿಕ ಸರ್ಕಾರ 11 ತಿಂಗಳು ಮುಂದುವರಿಸಿತು. ಜಗತ್ತೆಲ್ಲ ಬಳಸುವ ಹೆಸರಿನ ಪುಸ್ತಕ ಒಂದು ದೇಶದ ಒಂದು ಒಪ್ಪಂದದ ಮೇಲೆ ನಿಂತಿದೆ ಎಂದು ಅನೇಕರಿಗೆ ಗೊತ್ತಾಗಿದ್ದೇ ಅವತ್ತು.

ಹಾಕಿದ್ದು ನಿಜವಾಗಿ ಹತ್ತಿದೆಯಾ?

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಹಿಂದೆ ಒಂದು ಕಡೆ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದಾಗ ಓಪನ್‌ಎಸ್‌ಎಸ್‌ಎಲ್‌ನ ಅಪ್‌ಡೇಟ್ ಬಂತು. ಅವತ್ತೇ ಹಾಕಿದೆ. ಆವೃತ್ತಿ ಕೇಳಿದರೆ ಹೊಸ ಸಂಖ್ಯೆ ತೋರಿಸಿತು. ಮೇಲ್ ಕಳಿಸಿ ಮರೆತೆ. ಮೂರು ವಾರದ ಮೇಲೆ ಬೇರೇನೋ ಹುಡುಕುತ್ತಾ ವೆಬ್ ಸರ್ವರ್ ತೆರೆದಿಟ್ಟುಕೊಂಡ ಫೈಲುಗಳ ಪಟ್ಟಿ ನೋಡಿದೆ. ಆ ಲೈಬ್ರರಿಯ ಹೆಸರಿನ ಮುಂದೆ ‘ಡಿಲೀಟೆಡ್’ ಎಂದಿತ್ತು. ಡಿಸ್ಕ್ ಮೇಲೆ ಹೊಸ ಫೈಲ್ ಬಂದಿದ್ದರೂ, ಓಡುತ್ತಿದ್ದ ಪ್ರೋಗ್ರಾಂ ಅಳಿಸಿಹೋದ ಹಳೆಯ ಪ್ರತಿಯನ್ನೇ ಮೆಮೊರಿಯಲ್ಲಿ ಹಿಡಿದುಕೊಂಡಿತ್ತು. ನಾನು ರೀಸ್ಟಾರ್ಟ್ ಮಾಡಿರಲೇ ಇಲ್ಲ. ಮೂರು ವಾರ ನಾವು ‘ಸುರಕ್ಷಿತ’ವಾಗಿದ್ದೆವು, ಮೇಲ್ ಪ್ರಕಾರ.

ದೊಡ್ಡ ಸರ್ವರ್‌ಗಳಿಗೇ ಹೀಗೆ. ಮನೆಯ ಕಂಪ್ಯೂಟರ್‌ನಲ್ಲಿ ತೊಂದರೆ ಇನ್ನೊಂದು ಬಗೆಯದ್ದು. ಫೈಲುಗಳನ್ನು ಒತ್ತಿ ಕಟ್ಟುವ, ಬಿಚ್ಚುವ ವಿನ್‌ರಾರ್‌ನಲ್ಲಿ ಸಿವಿಇ-2025-8088 ಎಂಬ ದೋಷ ಸಿಕ್ಕಿತು. ಹುಷಾರಾಗಿ ಕಟ್ಟಿದ ಒಂದು ಆರ್ಕೈವ್ ಬಿಚ್ಚಿದರೆ, ನೀವು ಹೇಳಿದ ಫೋಲ್ಡರ್ ಬಿಟ್ಟು ವಿಂಡೋಸ್‌ನ ಸ್ಟಾರ್ಟಪ್ ಫೋಲ್ಡರ್‌ಗೆ ಫೈಲ್ ಹೋಗಿ ಕೂರುತ್ತಿತ್ತು. ಮುಂದಿನ ಸಲ ಲಾಗಿನ್ ಆದಾಗ ಅದು ತಾನೇ ಓಡುತ್ತದೆ. ಕಂಡುಹಿಡಿದ ಇಸೆಟ್ ಕಂಪನಿ ಹೇಳುವ ಪ್ರಕಾರ ರಾಮ್‌ಕಾಮ್ ಎಂಬ ಗುಂಪು ಆಗಲೇ ಇದನ್ನು ಬಳಸುತ್ತಿತ್ತು. 2025ರ ಜುಲೈ 30ರಂದು 7.13 ಆವೃತ್ತಿಯಲ್ಲಿ ರಿಪೇರಿ ಬಂತು. ಆದರೆ ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಯಾರಾದರೂ ಹೋಗಿ ಹೊಸದನ್ನು ಇಳಿಸಿಕೊಂಡು ಹಾಕಬೇಕು. ವರ್ಷಗಳ ಹಿಂದೆ ಒಮ್ಮೆ ಹಾಕಿ ಮರೆತವರು ಯಾಕೆ ಹೋಗುತ್ತಾರೆ?

ಹುಡುಕುವವರ ವೇಗ

ಕಾಲಾವಕಾಶ ಇಷ್ಟು ಕುಗ್ಗಿದಾಗ ಎಷ್ಟು ದಿನ ಗುಟ್ಟಾಗಿಡಬೇಕು ಎಂಬ ಹಳೆಯ ಜಗಳಕ್ಕೆ ಮತ್ತೆ ಜೀವ ಬಂದಿದೆ. ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡ ಕಂಪನಿಗಳಿಗೆ ಸಾಮಾನ್ಯವಾಗಿ 90 ದಿನ ಕೊಡುತ್ತದೆ. ಅಷ್ಟರೊಳಗೆ ಪ್ಯಾಚ್ ಬಂದರೆ ಜನ ಹಾಕಿಕೊಳ್ಳಲಿ ಎಂದು ವಿವರಗಳನ್ನು ಇನ್ನೂ 30 ದಿನ ಹಿಡಿದಿಡುತ್ತದೆ. ಒಳ್ಳೆಯ ಪದ್ಧತಿ. ಆದರೆ ಸಿಮೆಂಟ್ ಮೆತ್ತಿದ ಗೋಡೆಯೇ ಎಲ್ಲ ಹೇಳುವಾಗ ಆ 30 ದಿನಕ್ಕೆ ಬೆಲೆ ಕಡಿಮೆ, ಅದರಲ್ಲೂ ಕೋಡ್ ಎಲ್ಲರಿಗೂ ಕಾಣುವ ಓಪನ್ ಸೋರ್ಸ್‌ನಲ್ಲಿ.

ಹುಡುಕುವ ಕೆಲಸಕ್ಕೆ ಈಗ ಎಐ ಕೂಡ ಇಳಿದಿದೆ. ಗೂಗಲ್‌ನ ‘ಬಿಗ್ ಸ್ಲೀಪ್’ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ ಸಿವಿಇ-2025-6965 ಎಂಬ ನಿಜವಾದ ದೋಷ ಹಿಡಿದಿದೆ. ಅದೇ ಹೊತ್ತಿಗೆ ಇಂಟರ್ನೆಟ್ ಮೂಲಕ ಮಾಹಿತಿ ಸಾಗಿಸುವ ಓಪನ್ ಸೋರ್ಸ್ ಸಾಧನ ಕರ್ಲ್‌ನ ಯೋಜನೆಯವರು ದೋಷ ತೋರಿಸಿದವರಿಗೆ ಬಹುಮಾನ ಕೊಡುವುದನ್ನು 2026ರ ಜನವರಿ ಕೊನೆಗೆ ನಿಲ್ಲಿಸಿದರು. ಎಐನಿಂದ ಬರೆಸಿದ, ನೋಡಲು ಗಂಭೀರವಾಗಿ ಕಾಣುವ ಸುಳ್ಳು ವರದಿಗಳು ಅಷ್ಟು ಬರುತ್ತಿದ್ದವು. ಒಂದೊಂದನ್ನೂ ಕೂತು ಓದಬೇಕಾದವರು ಕೆಲವೇ ಜನ.

ಹುಡುಕುವವರು ಎಷ್ಟೇ ವೇಗವಾದರೂ ಪ್ಯಾಚೇ ಬರದವರು ಒಂದಷ್ಟು ಜನ ಇದ್ದೇ ಇರುತ್ತಾರೆ. ಮೊಂಗೊಬ್ಲೀಡ್‌ಗೆ 4.4ರಿಂದ ಈಚಿನ ಆವೃತ್ತಿಗಳಿಗೆಲ್ಲ ರಿಪೇರಿ ಸಿಕ್ಕಿತು. 4.2, 4.0, 3.6 ಬಳಸುವವರಿಗೂ ಅದೇ ದೋಷ ಇದೆ, ಆದರೆ ಆ ಆವೃತ್ತಿಗಳ ಬೆಂಬಲದ ಅವಧಿ ಮುಗಿದುಹೋಗಿದೆ. ಅವರಿಗೆ ಉಳಿದಿದ್ದು ಎರಡು ದಾರಿ: ಹೊಸ ಆವೃತ್ತಿಗೆ ಹೋಗಬೇಕು, ಇಲ್ಲವೇ ಸೆಟ್ಟಿಂಗ್‌ನಲ್ಲಿ ಸಂದೇಶ ಒತ್ತಿ ಚಿಕ್ಕದು ಮಾಡುವ ಜೆಡ್‌ಲಿಬ್ ಕಂಪ್ರೆಷನ್ ತೆಗೆದುಹಾಕಬೇಕು. ಎರಡನೆಯದು ಒಂದೇ ಸಾಲಿನ ಬದಲಾವಣೆ, ಮಾಡಿದ ಮೇಲೆ ಸರ್ವರ್ ರೀಸ್ಟಾರ್ಟ್ ಮಾಡುವುದು ನೆನಪಿದ್ದರೆ.